ಮೆಚ್ಚುಗೆಯ ಎಣಿಕೆಯೂ ವರ್ತನೆಯ ಗಿರಾಕಿಯೂ

(ಕೂಟದ ಸದಸ್ಯರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹರೂಪ)



ವ್ಯಾಪಾರದ ವಿಷಯವಾಗಿ ಮಾತನಾಡಲು ವೈದ್ಯನೊಬ್ಬನನ್ನು ಕರೆದದ್ದೇಕೆಂದು ತಮ್ಮಲ್ಲಿ ಕೆಲವರಿಗೆ ಸೋಜಿಗವಾಗಿರಬಹುದು. ಕಾರಣವಿದೆ. ಮಿಸ್ಸಿಸಾಗ, ಬ್ರಾಂಪ್ಟನ್, ಮಿಲ್ಟನ್ ಕಡೆಗಳಲ್ಲಿ ನಮ್ಮ ಹಲವು ಕುಟುಂಬಗಳು ಮನೆಯಿಂದಲೇ, ಅಂತರ್ಜಾಲದ ಮೂಲಕ, ಸಣ್ಣ ವ್ಯಾಪಾರಗಳನ್ನು ನಡೆಸುತ್ತಿವೆ. ಸಾರಿನ ಪುಡಿ, ಚಟ್ನಿಪುಡಿ, ರೇಷ್ಮೆ ಸೀರೆ, ಮಕ್ಕಳಿಗೆ ಕನ್ನಡ ಪಾಠ, ವೀಣೆಯ ಪಾಠ, ತೆರಿಗೆಯ ಲೆಕ್ಕಪತ್ರ ಹೀಗೆ ಬಗೆಬಗೆಯವು. ಇವನ್ನು ಹವ್ಯಾಸಕ್ಕಾಗಿ ನಡೆಸುವವರು ಕಡಿಮೆ. ಊರಿನಲ್ಲಿ ಗಳಿಸಿದ ಪದವಿಗೆ ಇಲ್ಲಿ ಮಾನ್ಯತೆ ದೊರೆಯುವವರೆಗೆ ಕಾಯುತ್ತಿರುವವರು, ಇದ್ದ ಉದ್ಯೋಗ ಹೋದವರು, ಚಿಕ್ಕ ಮಕ್ಕಳಿರುವುದರಿಂದ ಹೊರಗೆ ದುಡಿಯಲಾಗದವರು ತಮ್ಮ ಉಳಿತಾಯವನ್ನು ಹೂಡಿ ಆರಂಭಿಸಿದ ಉದ್ಯಮಗಳು ಇವು. ನಿದ್ರೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ ಎಂದು ನನ್ನ ಬಳಿಗೆ ಬರುವವರನ್ನು ವಿಚಾರಿಸಿದಾಗ, ಇಂತಹ ವ್ಯಾಪಾರದ ಮಾತು ಆಗಾಗ ಹೊರಬರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು, ಹಾಕಿದ ಚಿತ್ರಕ್ಕೆ ಎಷ್ಟು 'ಲೈಕ್' ಬಂದಿದೆಯೆಂದು ಮೊಬೈಲಿನಲ್ಲಿ ನೋಡುತ್ತಾರೆ. 'ಹೋದ ತಿಂಗಳು ಕೈಗೆ ಎಷ್ಟು ಉಳಿಯಿತು?' ಎಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ.

ಈ ಬಗೆಯ ವ್ಯಾಧಿಗೆ ನಮ್ಮ ವೈದ್ಯಶಾಸ್ತ್ರದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1980ರ ದಶಕದಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡ ರೋಗಿಗಳ ಇ.ಸಿ.ಜಿ.ಯಲ್ಲಿ ನಡುನಡುವೆ ತಪ್ಪು ಬಡಿತಗಳು ಕಂಡುಬಂದರೆ, ಅವರು ಹಠಾತ್ತನೆ ಸಾಯುವ ಸಂಭವ ಹೆಚ್ಚೆಂದು ತಿಳಿದಿತ್ತು. ತಪ್ಪು ಬಡಿತಗಳನ್ನು ಅಡಗಿಸಿದರೆ ಸಾವೂ ತಗ್ಗುತ್ತದೆಂಬುದು ಸಹಜವಾದ ತರ್ಕ. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳು ಆ ಬಡಿತಗಳನ್ನು ಸೊಗಸಾಗಿ ಅಡಗಿಸುತ್ತಿದ್ದವು. ಇ.ಸಿ.ಜಿ. ಕಾಗದ ಶುಭ್ರವಾಗುತ್ತಿತ್ತು, ವೈದ್ಯನಿಗೂ ಸಂತೋಷ, ರೋಗಿಗೂ ಸಂತೋಷ. 'ಕ್ಯಾಸ್ಟ್' ಎಂಬ ಹೆಸರಿನ ಪ್ರಯೋಗದಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಲಾಯಿತು. 1989ರಲ್ಲಿ ಪ್ರಯೋಗದ ಈ ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. 1991ರಲ್ಲಿ ಪ್ರಕಟವಾದ ವರದಿಯಂತೆ, ಈ ಔಷಧಿ ಪಡೆದ 755 ಮಂದಿಯಲ್ಲಿ 63 ಮಂದಿ ಮೃತರಾಗಿದ್ದರು. ಹುಸಿ ಗುಳಿಗೆ ಪಡೆದ 743 ಮಂದಿಯಲ್ಲಿ ಸತ್ತವರು 26. ಕಾಗದ ಸುಧಾರಿಸಿತ್ತು, ರೋಗಿ ಸತ್ತಿದ್ದ.

ಇಂತಹ ಅಳತೆಯನ್ನು ನಾವು ಬದಲಿ ಸೂಚಕವೆನ್ನುತ್ತೇವೆ. ತಿಳಿಯಬೇಕಾದ ಸಂಗತಿಯನ್ನು ಅಳೆಯುವುದು ಕಷ್ಟವಾದಾಗ, ಸುಲಭವಾಗಿ ಅಳೆಯಬಹುದಾದ ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸುತ್ತೇವೆ. ಸಾಮಾಜಿಕ ಜಾಲತಾಣಗಳ ಲೈಕ್, ಅನುಯಾಯಿಗಳ ಸಂಖ್ಯೆ, ವೀಕ್ಷಣೆಗಳ ಸಂಖ್ಯೆ ಇವೆಲ್ಲವೂ ವ್ಯಾಪಾರದ ಮಟ್ಟಿಗೆ ಬದಲಿ ಸೂಚಕಗಳೇ. ಅವುಗಳಿಗೂ ಲಾಭಕ್ಕೂ ಕೆಲವೊಮ್ಮೆ ನಂಟಿರುತ್ತದೆ, ಬಹಳ ಸಲ ಇರುವುದಿಲ್ಲ. ನಿಮ್ಮ ಚಟ್ನಿಪುಡಿಯ ಚಿತ್ರವನ್ನು ಮೆಚ್ಚಿದ ಸಾವಿರ ಮಂದಿಯಲ್ಲಿ ಎಂಟುನೂರು ಮಂದಿ ಬೆಂಗಳೂರಿನವರೂ ಮೈಸೂರಿನವರೂ ಆಗಿದ್ದರೆ, ಅವರು ಅಲ್ಲಿಯೇ ಅಂಗಡಿಯಲ್ಲಿ ಕೊಳ್ಳುತ್ತಾರೆ, ಟೊರಾಂಟೊದಿಂದ ತರಿಸಿಕೊಳ್ಳುವುದಿಲ್ಲ.

ಮೇಲಾಗಿ ಈ ಅಂಕಿಗಳು ನಮ್ಮ ಸ್ವತ್ತೂ ಅಲ್ಲ. ಫೇಸ್‌ಬುಕ್ ಸಂಸ್ಥೆ 'ಲೈಕ್' ಗುಂಡಿಯನ್ನು ತಂದದ್ದು 2009ರ ಫೆಬ್ರವರಿಯಲ್ಲಿ. ಅದೇ ಸಂಸ್ಥೆಯ ಒಡೆತನದ ಇನ್‌ಸ್ಟಾಗ್ರಾಂ, ಪರರ ಲೈಕ್ ಎಣಿಕೆ ಕಾಣದಂತೆ ಮರೆಮಾಡುವ ಪ್ರಯೋಗವನ್ನು 2019ರಲ್ಲಿ ಮೊದಲು ಆರಂಭಿಸಿದ್ದು ನಮ್ಮ ಈ ಕೆನಡಾದಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಕರ್ನಾಟಕದಲ್ಲಿ ವರ್ಷಗಟ್ಟಲೆ ಅಲ್ಲಿ ಜನಪ್ರಿಯತೆ ಗಳಿಸಿದ್ದವರ ಅನುಯಾಯಿಗಳೆಲ್ಲ ಕಣ್ಮರೆಯಾದರು. ಇಲ್ಲಿ 2023ರ ಆಗಸ್ಟ್‌ನಲ್ಲಿ, ಆನ್‌ಲೈನ್ ಸುದ್ದಿ ಕಾಯಿದೆಯ ವಿವಾದದಿಂದಾಗಿ, ಮೆಟಾ ಸಂಸ್ಥೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಕೆನಡಾದ ಓದುಗರಿಗೆ ಸುದ್ದಿಯನ್ನೇ ನಿಲ್ಲಿಸಿತು. ಓದುಗರೆಲ್ಲ ಆ ಮಾರ್ಗದಿಂದಲೇ ಬರುತ್ತಾರೆಂದು ನಂಬಿದ್ದ ಚಿಕ್ಕ ಪತ್ರಿಕೆಗಳಿಗೆ ಬಾಗಿಲು ಮುಚ್ಚಿದಂತಾಯಿತು. ಈ ವಿವಾದದಲ್ಲಿ ತಪ್ಪು ಯಾರದೆಂಬ ಚರ್ಚೆ ನನ್ನದಲ್ಲ. ಬಾಡಿಗೆಯ ಜಾಗದಲ್ಲಿ ಮನೆ ಕಟ್ಟುವವನು ಮಾಲೀಕನ ಮನಸ್ಸನ್ನು ಬಲ್ಲೆನೆಂದು ತಿಳಿಯಬಾರದಷ್ಟೆ.

ಹಾಗಾದರೆ ನೋಡಬೇಕಾದ ಅಳತೆ ಯಾವುದು? ಒಂದು ಕಲ್ಪಿತ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಗೃಹಿಣಿಯೊಬ್ಬರು ಚಟ್ನಿಪುಡಿ, ಸಾರಿನ ಪುಡಿ, ಹುಳಿಪುಡಿ ಈ ಮೂರು ಪೊಟ್ಟಣಗಳನ್ನು ಒಟ್ಟು 36 ಡಾಲರಿಗೆ ಮಾರುತ್ತಾರೆನ್ನಿ. ಸಾಮಗ್ರಿ, ಪೊಟ್ಟಣ, ಲೇಬಲ್ ಸೇರಿ 13 ಡಾಲರ್. ಕಾರ್ಡಿನಲ್ಲಿ ಹಣ ಪಡೆಯುವುದಕ್ಕೆ ನೂರಕ್ಕೆ 2.9ರ ಜೊತೆಗೆ 30 ಸೆಂಟ್ ಎಂದಿಟ್ಟುಕೊಂಡರೆ 1.34 ಡಾಲರ್. ಅಂಚೆ ವೆಚ್ಚದಲ್ಲಿ ತಾವೇ ಭರಿಸುವ ಪಾಲು 6 ಡಾಲರ್. ಉಳಿದದ್ದು 15.66. ಲಾಭವಾಯಿತೆಂದು ಹಿಗ್ಗುವ ಮುನ್ನ, ಆ ಗಿರಾಕಿಯನ್ನು ಕರೆತಂದ ಜಾಹೀರಾತಿನ ಖರ್ಚನ್ನು ಕಳೆಯಬೇಕು. 200 ಡಾಲರ್ ಜಾಹೀರಾತಿಗೆ ಹೊಸಬರು ಹತ್ತು ಮಂದಿ ಬಂದರೆ, ತಲೆಗೆ 20 ಡಾಲರ್. ಅಲ್ಲಿಗೆ 4.34 ಡಾಲರ್ ಕೈಬಿಟ್ಟಿತು.

ಇನ್ನು ದುಡಿಮೆ. ನಮ್ಮ ಮನೆಗಳಲ್ಲಿ ಹೆಂಗಸರ ದುಡಿಮೆಗೆ ಬೆಲೆ ಕಟ್ಟುವ ವಾಡಿಕೆಯೇ ಇಲ್ಲ. ವ್ಯಾಪಾರದ ಲೆಕ್ಕದಲ್ಲಂತೂ ಅದು ಸಲ್ಲದು. ಆಂಟೇರಿಯೊ ಪ್ರಾಂತ್ಯದ ಕನಿಷ್ಠ ವೇತನ 2025ರ ಅಕ್ಟೋಬರ್ 1ರಿಂದ ಗಂಟೆಗೆ 17.60 ಡಾಲರ್. ಒಂದೊಂದು ಆರ್ಡರನ್ನು ಬಂದಂತೆ ಹುರಿದು, ಪುಡಿಮಾಡಿ, ಕಟ್ಟಿ, ಅಂಚೆ ಕಚೇರಿಗೆ ಹೊತ್ತರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದರ ಬೆಲೆ 13.20. ವಾರಕ್ಕೊಂದೇ ದಿನ ಇಪ್ಪತ್ತು ಆರ್ಡರುಗಳನ್ನು ಒಟ್ಟಿಗೆ ಮಾಡಿ ಕಳುಹಿಸಿ, ಆರ್ಡರಿಗೆ ಇಪ್ಪತ್ತು ನಿಮಿಷಕ್ಕೆ ಇಳಿಸಿದರೆ 5.87. ಹೀಗೆ ಇಳಿಸಿದ ಮೇಲೂ ಮೊದಲ ಆರ್ಡರಿನಲ್ಲಿ ಒಟ್ಟು ನಷ್ಟ 10.21 ಡಾಲರ್. ಅದೇ ಗಿರಾಕಿ ಜಾಹೀರಾತಿಲ್ಲದೆ ತಾನಾಗಿ ಎರಡನೆಯ ಸಲ ಬಂದರೆ 9.79 ಉಳಿಯುತ್ತದೆ, ಹಳೆಯ ನಷ್ಟ ಬಹುಮಟ್ಟಿಗೆ ತೀರುತ್ತದೆ. ನಿಜವಾದ ಲಾಭ ಹುಟ್ಟುವುದು ಮೂರನೆಯ ಸಲ ಬಂದಾಗ. ಮೊದಲ ಸಲವೇ ಕೊಂಡು ಮತ್ತೆ ಬಾರದ ನೂರು ಮಂದಿ ಈ ಉದ್ಯಮವನ್ನು ಸಾವಿರ ಡಾಲರಿನಷ್ಟು ಬಡವಾಗಿಸುತ್ತಾರೆ. ಆಗ ಅವರ ಪುಟದಲ್ಲಿ ಲೈಕ್‌ಗಳು ಏರುತ್ತಲೇ ಇರಬಹುದು! ಮೇಲೆ ಹೇಳಿದ ಶುಭ್ರವಾದ ಇ.ಸಿ.ಜಿ. ಇದೇ.

ಮೂರನೆಯ ಸಲ ಬರುವ ಈ ಮನುಷ್ಯನಿಗೆ ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಹೆಸರಿದೆ. ಊರಿನಲ್ಲಿ ಹಾಲಿನವಳು, ಹೂವಿನವಳು ಮನೆಮನೆಗೆ 'ವರ್ತನೆ' ಹಾಕುತ್ತಿದ್ದುದನ್ನು ತಾವು ಬಲ್ಲಿರಿ. ವರ್ತನೆಯ ಮನೆ ಎಷ್ಟಿದೆಯೆಂಬುದೇ ಆಕೆಯ ಆಸ್ತಿ. ಬೀದಿಯಲ್ಲಿ ಎಷ್ಟು ಮಂದಿ ಆಕೆಯ ಹೂವನ್ನು ನೋಡಿ 'ಚೆನ್ನಾಗಿದೆ' ಎಂದರೆಂಬ ಲೆಕ್ಕವನ್ನು ಆಕೆ ಇಡಲಿಲ್ಲ. ವರ್ತನೆಯ ಮನೆಯೊಂದು ತಪ್ಪಿದರೆ ಮಾತ್ರ, ಮರುದಿನವೇ ಬಾಗಿಲಲ್ಲಿ ನಿಂತು 'ಏಕಮ್ಮ, ಹೂವು ಸರಿಯಿರಲಿಲ್ಲವೇ?' ಎಂದು ಕೇಳುತ್ತಿದ್ದಳು. ಅಂತರ್ಜಾಲದ ವ್ಯಾಪಾರಕ್ಕೆ ಇದಕ್ಕಿಂತ ಮಿಗಿಲಾದ ಸಂಶೋಧನೆಯನ್ನು ನಾನು ಕಾಣೆ.

ಬೆಂಗಳೂರಿನ ಎಂ.ಟಿ.ಆರ್. ಕಥೆಯೂ ಇದೇ ಜಾಡಿನದು. 1924ರಲ್ಲಿ ಯಜ್ಞನಾರಾಯಣ ಮಯ್ಯ ಸೋದರರು ಆರಂಭಿಸಿದ ಆ ಹೋಟೆಲಿನಲ್ಲಿ, ಬಂದವರಿಗೆ ಅಡಿಗೆಮನೆ ಕಾಣುವಂತಿತ್ತು. ಶುಚಿಯನ್ನು ಬಾಯಲ್ಲಿ ಹೇಳುವ ಅಗತ್ಯವಿರಲಿಲ್ಲ. ತುರ್ತುಪರಿಸ್ಥಿತಿಯ 1975ರ ವೇಳೆಗೆ ಸರ್ಕಾರ ತಿಂಡಿಗಳ ಬೆಲೆಯನ್ನು ತೀರ ತಗ್ಗಿಸಿ ನಿಗದಿಪಡಿಸಿದಾಗ, ಗುಣಮಟ್ಟವನ್ನು ಕೆಡಿಸದೆ ಹೋಟೆಲು ನಡೆಸುವುದು ದುಸ್ತರವಾಯಿತು. ಅವರು ಪುಡಿಗಳು ಮತ್ತು ಸಿದ್ಧ ಮಿಶ್ರಣಗಳ ಮಾರಾಟದತ್ತ ತಿರುಗಿದರು. ಅರ್ಧ ಶತಮಾನದ ನಂಬಿಕೆಯುಳ್ಳ ಗಿರಾಕಿಗಳು ಆಗಲೇ ಇದ್ದರು. ಆ ಪೊಟ್ಟಣಗಳ ಉದ್ಯಮವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು.

ಅಡಿಗೆಮನೆ ಕಾಣುವಂತಿರಬೇಕೆಂಬ ಮಾತು ಇಲ್ಲಿ ನಮಗೂ ಅನ್ವಯಿಸುತ್ತದೆ, ಮತ್ತು ಇದು ವೈದ್ಯನಾಗಿ ನಾನು ಒತ್ತಿ ಹೇಳಲೇಬೇಕಾದ ಭಾಗ. ನಮ್ಮ ಚಟ್ನಿಪುಡಿಯಲ್ಲಿ ಕಡಲೆಕಾಯಿ ಇರುತ್ತದೆ, ಕೆಲವರ ಮನೆಯಲ್ಲಿ ಎಳ್ಳೂ ಇರುತ್ತದೆ, ಒಗ್ಗರಣೆಯ ಸಾಸಿವೆಯಂತೂ ತಪ್ಪದು. ಈ ಮೂರೂ ಕೆನಡಾ ಸರ್ಕಾರದ ಪ್ರಮುಖ ಅಲರ್ಜಿಕಾರಕಗಳ ಪಟ್ಟಿಯಲ್ಲಿವೆ. ಸಾಸಿವೆಯ ವಿಷಯ ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದು. ಅಂಗಡಿಯ ಇಂಗಿನಲ್ಲಿ ಬಹುತೇಕ ಗೋಧಿಹಿಟ್ಟು ಬೆರೆತಿರುತ್ತದೆಂಬುದೂ ಹಾಗೆಯೇ. ಗೋಧಿಯ ಅಂಟು ಒಗ್ಗದವನಿಗೆ 'ಇದರಲ್ಲಿ ಗೋಧಿಯಿಲ್ಲ' ಎಂದು ಹೇಳಿ ಸಾರಿನ ಪುಡಿ ಕೊಟ್ಟರೆ, ಅವನ ಕರುಳಿಗೆ ಹಾನಿ. ಕಡಲೆಕಾಯಿ ಒಗ್ಗದ ಮಗುವಿಗಾದರೋ ಅರ್ಧ ಚಮಚ ಪುಡಿ ಪ್ರಾಣಾಂತಿಕವಾಗಬಲ್ಲದು. ಆದುದರಿಂದ ಪ್ರತಿಯೊಂದು ಸಾಮಗ್ರಿಯನ್ನೂ ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆಯಿರಿ. ಮನೆಯಲ್ಲಿ ತಯಾರಿಸುವ ಮುನ್ನ ನಿಮ್ಮ ಪ್ರದೇಶದ ಸಾರ್ವಜನಿಕ ಆರೋಗ್ಯ ಇಲಾಖೆಗೆ ತಿಳಿಸುವುದು ಅಗತ್ಯ. ಅಪಾಯ ಕಡಿಮೆಯಿರುವ ಆಹಾರಗಳನ್ನು ಮನೆಯಲ್ಲಿ ತಯಾರಿಸುವವರಿಗೆ ಆಂಟೇರಿಯೊ 2020ರ ಜನವರಿಯಿಂದ ಕೆಲವು ನಿಯಮಗಳನ್ನು ಸಡಿಲಿಸಿದೆಯಾದರೂ, ಪ್ರಾಂತ್ಯದ ಗಡಿ ದಾಟಿಸಿ ಮಾರುವವರಿಗೆ ಒಕ್ಕೂಟ ಸರ್ಕಾರದ ಪರವಾನಗಿಯ ಪ್ರಶ್ನೆ ಬೇರೆಯೇ ಇದೆ.

ವರ್ತನೆಯವರ ಪಟ್ಟಿಯನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕೆಂಬುದು ಇನ್ನೊಂದು ಮಾತು. ಹೆಸರು, ವಿಳಾಸ, ಇ-ಮೇಲ್, ಯಾವ ದಿನ ಏನು ಕೊಂಡರು, ಎಷ್ಟು ಖಾರ ಬೇಕೆಂದರು ಇಷ್ಟು ಒಂದು ನೋಟುಪುಸ್ತಕದಲ್ಲಿದ್ದರೂ ಸಾಕು. ಯಾವ ಜಾಲತಾಣ ಮುಚ್ಚಿದರೂ ಆ ಪುಸ್ತಕ ಉಳಿಯುತ್ತದೆ. ಆದರೆ ಈ ದೇಶದಲ್ಲಿ 2014ರ ಜುಲೈ 1ರಿಂದ ಅನಪೇಕ್ಷಿತ ಇ-ಮೇಲ್ ವಿರುದ್ಧ ಕಟ್ಟುನಿಟ್ಟಾದ ಕಾಯಿದೆಯಿದೆ. ಒಪ್ಪಿಗೆಯಿಲ್ಲದೆ ವ್ಯಾಪಾರದ ಪತ್ರ ಕಳುಹಿಸುವಂತಿಲ್ಲ. ನಿಮ್ಮಿಂದ ಕೊಂಡವರಿಗೆ, ಕೊಂಡ ದಿನದಿಂದ ಎರಡು ವರ್ಷದವರೆಗೆ ಒಪ್ಪಿಗೆ ಇದೆಯೆಂದೇ ಭಾವಿಸಬಹುದು. ಬರೇ ವಿಚಾರಿಸಿ ಹೋದವರಿಗೆ ಆರು ತಿಂಗಳು. 'ಇನ್ನು ಬೇಡ' ಎನ್ನುವ ಅವಕಾಶ ಪ್ರತಿ ಪತ್ರದಲ್ಲಿಯೂ ಇರಬೇಕು, ಬೇಡವೆಂದವರ ಹೆಸರನ್ನು ಹತ್ತು ಕೆಲಸದ ದಿನಗಳೊಳಗೆ ತೆಗೆಯಬೇಕು. ಕೂಟದ ವಿಳಾಸ ಪುಸ್ತಕವನ್ನು ಹಿಡಿದು ಎಲ್ಲರಿಗೂ ಪತ್ರ ಹಾಕುವವರು ಇದನ್ನು ಗಮನಿಸುವುದು ಲೇಸು.

ಜಾಲತಾಣಗಳನ್ನು ತೊರೆಯಿರೆಂದು ನಾನು ಹೇಳುತ್ತಿಲ್ಲ. ಅವು ಅಂಗಡಿಯ ಮುಂದಿನ ನಾಮಫಲಕವಿದ್ದಂತೆ. ಫಲಕ ಬೇಕು, ಆದರೆ ದಿನವಿಡೀ ಬೀದಿಗಿಳಿದು ಫಲಕವನ್ನು ಯಾರು ನೋಡಿದರೆಂದು ಎಣಿಸುವ ಅಂಗಡಿಯವನನ್ನು ಯಾರೂ ಕಂಡಿರಲಾರರು. ಯಾವ ಮಾರ್ಗದಿಂದ ಗಿರಾಕಿ ಬಂದನೆಂದು ತಿಳಿಯಬೇಕಾದರೆ, ನಾವು ರೋಗಿಯ ಪೂರ್ವವೃತ್ತಾಂತ ಕೇಳುವಂತೆ, ಪ್ರತಿ ಹೊಸಬರನ್ನೂ 'ನಮ್ಮ ವಿಷಯ ತಮಗೆ ಹೇಗೆ ತಿಳಿಯಿತು?' ಎಂದು ಕೇಳಿ ಬರೆದುಕೊಳ್ಳಿ. ಮೂರು ತಿಂಗಳ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದಾಗ ಜಾಹೀರಾತಿನ ಹಣ ಎಲ್ಲಿಗೆ ಹೋಗಬೇಕೆಂಬುದು ತಿಳಿದೀತು. ಫೋನಿನ ಸೂಚನಾಧ್ವನಿಯನ್ನು ನಿಲ್ಲಿಸಿ, ವಾರಕ್ಕೊಮ್ಮೆ, ಭಾನುವಾರ ಕಾಫಿಯಾದ ಮೇಲೆ ನೋಡಿದರೆ ಸಾಕು. ನಿದ್ರೆಗೆ ನನ್ನಲ್ಲಿರುವ ಗುಳಿಗೆಗಳಿಗಿಂತ ಇದು ಅಗ್ಗ.

ಉಪನ್ಯಾಸದ ಬಳಿಕ ಒಬ್ಬ ಸೋದರಿ, ಎಷ್ಟು ಕಾಲ ನಷ್ಟವನ್ನು ತಾಳಿಕೊಳ್ಳಬಹುದೆಂದು ಕೇಳಿದರು. ಆರಂಭಕ್ಕೆ ಮುನ್ನವೇ ಪತಿಪತ್ನಿಯರು ಕುಳಿತು, ಇಷ್ಟು ಡಾಲರ್, ಇಷ್ಟು ತಿಂಗಳು ಎಂದು ಕಾಗದದ ಮೇಲೆ ಬರೆದು ಸಹಿಮಾಡಿಡುವುದು ಉತ್ತಮವೆಂದೆ. ಹಣ ಕರಗುತ್ತಿರುವಾಗ ಮಾಡುವ ನಿರ್ಧಾರ ಸರಿಯಿರುವುದು ಅಪರೂಪ. ತೆರಿಗೆಯ ಬಗೆಗೂ ಅವರು ಕೇಳಿದ್ದರಿಂದ ಇದನ್ನು ಸೇರಿಸುತ್ತೇನೆ. ಅನುಕ್ರಮವಾದ ನಾಲ್ಕು ತ್ರೈಮಾಸಿಕಗಳಲ್ಲಿ ವಹಿವಾಟು 30,000 ಡಾಲರ್ ದಾಟುವವರೆಗೆ ಎಚ್.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಆದಾಯ ತೆರಿಗೆಯಲ್ಲಿ ಮಾತ್ರ ಮೊದಲ ಡಾಲರಿನಿಂದಲೇ ಲೆಕ್ಕ ತೋರಿಸಬೇಕು. ಟಿ-2125 ಎಂಬ ನಮೂನೆ ಅದಕ್ಕಾಗಿಯೇ ಇದೆ. ವ್ಯಾಪಾರಕ್ಕೆ ಬಳಸುವ ಕೋಣೆಯ ಪಾಲಿನ ಮನೆಖರ್ಚನ್ನು ಅಲ್ಲಿ ಕಳೆಯಬಹುದಾದರೂ, ಆ ಖರ್ಚಿನಿಂದ ನಷ್ಟವನ್ನು ಹುಟ್ಟಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯಬಹುದು. ರಸೀತಿಗಳನ್ನು ಆರು ವರ್ಷ ಜೋಪಾನವಾಗಿಡಿ.