ಹೋಸ್ಟಿಂಗ್ ಕಂಪನಿ ಹಾಕುವ ಅಪ್‌ಡೇಟ್

ಜಾಲತಾಣ ನಡೆಸುವ ಬಹುತೇಕರಿಗೆ ಸ್ವಂತ ಸರ್ವರ್ ಇರುವುದಿಲ್ಲ. ಹೋಸ್ಟಿಂಗ್ ಕಂಪನಿಗೆ ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಅದರ ಸರ್ವರ್‌ನಲ್ಲಿ ಜಾಗ ಪಡೆದಿರುತ್ತಾರೆ. ಅಗ್ಗದ ‘ಶೇರ್ಡ್ ಹೋಸ್ಟಿಂಗ್’ನಲ್ಲಿ ಒಂದೇ ಯಂತ್ರದ ಮೇಲೆ ನೂರಾರು ತಾಣಗಳಿರುವುದುಂಟು. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಗಳಲ್ಲಿ ಹಲವು ಬಾಡಿಗೆ ಸಂಸಾರಗಳು ಒಂದೇ ಅಂಗಳ ಹಂಚಿಕೊಂಡು ಬಾಳಿದಂತೆ ಇದು. ಒಬ್ಬರು ಬಾಗಿಲು ತೆರೆದಿಟ್ಟರೆ ಕಳ್ಳನ ಭಯ ಎಲ್ಲರಿಗೂ. ಆದ್ದರಿಂದಲೇ ಅನೇಕ ಕಂಪನಿಗಳು ಅಪ್‌ಡೇಟ್‌ಗಳನ್ನು ಮಾಲೀಕರ ಇಷ್ಟಕ್ಕೆ ಬಿಡದೆ ತಾವೇ ಹಾಕುತ್ತವೆ.

ಇವು ಎರಡು ಬಗೆ. ಮೊದಲನೆಯದು ತಾಣದ ತಂತ್ರಾಂಶದ್ದು. ಇಂಥ ತಂತ್ರಾಂಶವಾದ ವರ್ಡ್‌ಪ್ರೆಸ್ 2013ರ ಅಕ್ಟೋಬರ್‌ನಲ್ಲಿ ಬಂದ 3.7ನೇ ಆವೃತ್ತಿಯಿಂದ ಸಣ್ಣ ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. ದೊಡ್ಡ ಆವೃತ್ತಿ ಬಂದಾಗ ಅದನ್ನೂ ಕೆಲವು ಕಂಪನಿಗಳು ತಾವೇ ಹಾಕುತ್ತವೆ. ಎರಡನೆಯದು ಅದರ ಅಡಿಯಲ್ಲಿರುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶಗಳದ್ದು. ಪಿಎಚ್‌ಪಿ 7.4ಕ್ಕೆ ಭದ್ರತಾ ತಿದ್ದುಪಡಿ 2022ರ ನವೆಂಬರ್‌ನಲ್ಲಿ ನಿಂತಿತು. ಹೀಗೆ ಬೆಂಬಲ ನಿಂತ ಆವೃತ್ತಿಯನ್ನು ಉಳಿಸಿಕೊಂಡರೆ ಇಡೀ ಸರ್ವರ್‌ಗೆ ಅಪಾಯ.

ಅಪ್‌ಡೇಟ್ ತಡವಾದರೆ ಏನಾಗುತ್ತದೆ ಎಂಬುದು 2017ರಲ್ಲಿ ಕಂಡಿತು. ವರ್ಡ್‌ಪ್ರೆಸ್‌ನ ಒಂದು ದೋಷದಿಂದ ಪಾಸ್‌ವರ್ಡ್ ಇಲ್ಲದವರೂ ತಾಣದ ಬರಹ ಬದಲಿಸಬಹುದಿತ್ತು. ಜನವರಿ 26ರ 4.7.2 ಆವೃತ್ತಿ ಅದನ್ನು ಸರಿಪಡಿಸಿತು. ದೋಷದ ವಿವರ ಫೆಬ್ರವರಿ 1ರಂದು ಬಹಿರಂಗವಾದ ಮೇಲೆ, ಅಪ್‌ಡೇಟ್ ಆಗದ ತಾಣಗಳ ಲಕ್ಷಾಂತರ ಪುಟಗಳು ಕೆಟ್ಟವು.

ಆದರೆ ಅಪ್‌ಡೇಟೇ ತೊಂದರೆ ತರುವುದೂ ಉಂಟು. 2018ರ ಫೆಬ್ರವರಿಯ 4.9.3 ಆವೃತ್ತಿ ಸ್ವಯಂಚಾಲಿತ ಅಪ್‌ಡೇಟ್ ವ್ಯವಸ್ಥೆಯನ್ನೇ ಕೆಡಿಸಿತು, ಮರುದಿನದ 4.9.4ನ್ನು ಅನೇಕರು ಕೈಯಾರೆ ಹಾಕಬೇಕಾಯಿತು. ಪಿಎಚ್‌ಪಿ 7.0 ಬಂದಾಗ ಡೇಟಾಬೇಸ್ ಸಂಪರ್ಕದ ಹಳೆಯ ಆಜ್ಞೆಗಳನ್ನು ಕೈಬಿಡಲಾಯಿತು. ಅವನ್ನೇ ನಂಬಿದ ತಾಣಗಳು ಹೊಸ ಪಿಎಚ್‌ಪಿಯಲ್ಲಿ ತೆರೆಯಲೇ ಇಲ್ಲ.

ಹಳೆಯ ಕನ್ನಡ ತಾಣಗಳಿಗೆ ಇನ್ನೊಂದು ಗಂಡಾಂತರವಿದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆಯೂ (್) ಸೇರಿ 5 ಸಂಕೇತಗಳು, ಒಟ್ಟು 15 ಬೈಟ್. ಮೈಎಸ್‌ಕ್ಯೂಎಲ್ 8.0ಕ್ಕಿಂತ ಮುಂಚೆ ಡೇಟಾಬೇಸ್‌ನ ಮೂಲ ಲಿಪಿ ಆಯ್ಕೆ ‘ಲ್ಯಾಟಿನ್-1’ ಆಗಿತ್ತು. ಎಷ್ಟೋ ಕನ್ನಡ ಬರಹಗಳು ಲ್ಯಾಟಿನ್ ಎಂಬ ಹಣೆಪಟ್ಟಿಯಡಿಯೇ ಉಳಿದವು. ಓದುವಾಗಲೂ ಅದೇ ಆಯ್ಕೆ ಇರುವಷ್ಟು ದಿನ ಪುಟ ಸರಿಯಾಗಿ ಕಾಣುತ್ತದೆ. ಹೊಸ ಆವೃತ್ತಿ ಆ ಆಯ್ಕೆ ಬದಲಿಸಿದರೆ, ಪ್ರತಿ ಬೈಟೂ ಬೇರೆ ಬೇರೆ ಅಕ್ಷರವೆಂದು ಓದಿಸಿಕೊಂಡು ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಬರಹ ಅಳಿದಿರುವುದಿಲ್ಲ; ಗಾಬರಿಯಲ್ಲಿ ಮತ್ತೆ ಉಳಿಸಲು ಹೋದರೆ ಮಾತ್ರ ನಿಜಕ್ಕೂ ಕೆಡಬಹುದು.

ಇಂಥ ತೊಂದರೆಗಳಿಗೆ ಮುಂಚೆಯೇ ಸಿದ್ಧರಾಗಬಹುದು. ಪಿಎಚ್‌ಪಿಯ ಬೆಂಬಲ ಮುಗಿಯುವ ದಿನ ಬಹಳ ಮೊದಲೇ ಪ್ರಕಟವಾಗುತ್ತದೆ. ಹೋಸ್ಟಿಂಗ್ ಕಂಪನಿ ಕೂಡ ಗ್ರಾಹಕರಿಗೆ ಸಾಕಷ್ಟು ಮುಂಚೆ ತಿಳಿಸಬೇಕು. ಹಳೆಯ ಆವೃತ್ತಿಗೆ ಕೆಲಕಾಲ ಮರಳುವ ದಾರಿ ಇಡಬೇಕು. ಮಾಲೀಕರು ಕಡತಗಳ ಜತೆಗೆ ಡೇಟಾಬೇಸ್‌ನ ಬ್ಯಾಕಪ್ಪನ್ನೂ ತಮ್ಮ ಬಳಿ ಇಟ್ಟುಕೊಳ್ಳಬೇಕು, ಬಳಸದ ಪ್ಲಗಿನ್ (ತಾಣಕ್ಕೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ತೆಗೆಯಬೇಕು, ತಾಣದ ಒಂದು ನಕಲಿನ ಮೇಲೆ ಹೊಸ ಆವೃತ್ತಿಯನ್ನು ಮೊದಲೇ ಪರೀಕ್ಷಿಸಬೇಕು. ಕಂಪನಿಯ ಸೂಚನೆಗಳು ಬರುವ ಇಮೇಲ್ ವಿಳಾಸ ಚಾಲ್ತಿಯಲ್ಲಿರಬೇಕು. ಇಷ್ಟು ಸಿದ್ಧತೆ ಇದ್ದರೆ ಅಪ್‌ಡೇಟ್‌ನಿಂದ ತಾಣ ಕೆಟ್ಟರೂ ಸರಿಪಡಿಸಿಕೊಳ್ಳಬಹುದು.