ಟೆಲಿಮೆಡಿಸಿನ್: ಶುಶ್ರೂಷಕರಿಗೆ ಬೇಕು ಸಂಸ್ಕೃತಿಯ ಅರಿವು

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಆಡುನುಡಿ ಊರಿಂದೂರಿಗೆ ಬದಲಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗರಿದ್ದಾರೆ. ಒಡೆಯರಪಾಳ್ಯದಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಹಳೆಯ ಕೊಳ್ಳೇಗಾಲ ತಾಲ್ಲೂಕಿನ ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮನೆಮಾತು.

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ‘ಇ-ಸಂಜೀವಿನಿ’ ವ್ಯವಸ್ಥೆಯಲ್ಲಿ ವೈದ್ಯರು ದೂರದಿಂದಲೇ ಸಲಹೆ ನೀಡುತ್ತಾರೆ. ಆದರೆ ಉಪಕೇಂದ್ರದಲ್ಲಿ ರೋಗಿಯ ಪಕ್ಕದಲ್ಲಿರುವವರು ಸಮುದಾಯ ಆರೋಗ್ಯಾಧಿಕಾರಿ; ಅವರಲ್ಲಿ ಬಹುಪಾಲು ಮಂದಿ ಶುಶ್ರೂಷಾ ಪದವೀಧರರು. ರೋಗಿಯ ಮಾತನ್ನು ವೈದ್ಯರಿಗೆ, ವೈದ್ಯರ ಮಾತನ್ನು ರೋಗಿಗೆ ತಲುಪಿಸುವ ಹೊಣೆ ಅವರದು. ಆದ್ದರಿಂದ ಸಂಸ್ಕೃತಿಯ ಅರಿವು ನರ್ಸಿಂಗ್ ಶಿಕ್ಷಣದಲ್ಲೇ ಮೊಳೆಯಬೇಕು.

ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತಹೀನತೆಯನ್ನೇ ನೋಡಿ. ಇದು ಆನುವಂಶಿಕ ಕಾಯಿಲೆ. ಪರೀಕ್ಷೆಯ ಫಲಿತಾಂಶವನ್ನು ನೆರೆಹೊರೆಯವರಿಗೆ ಕೇಳುವಂತೆ ಸ್ಪೀಕರಿನಲ್ಲಿ ಹೇಳಿದರೆ ಹೆಣ್ಣುಮಗಳೊಬ್ಬಳ ಮದುವೆಯ ಮಾತುಕತೆಯೇ ಮುರಿದುಬೀಳಬಹುದು. ಆಮೇಲೆ ಆಕೆ ಚಿಕಿತ್ಸೆಗೇ ಬಾರದಿರಬಹುದು.

ಇಂಥ ಸಂದರ್ಭಗಳನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಬಹುದು. ಒಬ್ಬರು ರೋಗಿಯಾಗಿ, ಇನ್ನೊಬ್ಬರು ದಾದಿಯಾಗಿ ವಿಡಿಯೊ ಸಂವಾದ ನಡೆಸಬೇಕು. ಕೋಣೆಯಲ್ಲಿ ಯಾರಿದ್ದಾರೆಂದು ಮೊದಲು ವಿಚಾರಿಸುವುದು, ರೋಗಿ ಸೇವಿಸುತ್ತಿರುವ ನಾರುಬೇರಿನ ಮದ್ದನ್ನು ಹಳಿಯದೆ ಕೇಳಿ ದಾಖಲಿಸುವುದು, ಹೇಳಿದ್ದನ್ನು ರೋಗಿಯಿಂದಲೇ ಮರಳಿ ಹೇಳಿಸುವುದು ಮುಖ್ಯ ಪಾಠಗಳು. ತಲೆಯಾಡಿಸಿದ ಮಾತ್ರಕ್ಕೆ ರೋಗಿಗೆ ಅರ್ಥವಾಯಿತೆಂದು ಭಾವಿಸಲಾಗದು.