ಕಣ್ಣಿನ ರಕ್ಷಣೆ: ಮನೆಯಲ್ಲಿ ಪಾಲಿಸಬೇಕಾದ ರೂಢಿಗಳು

ದೃಷ್ಟಿ ಹೋಗುವುದು ವಿಧಿಲಿಖಿತವೆಂಬ ನಂಬಿಕೆ ಇನ್ನೂ ಅನೇಕ ಮನೆಗಳಲ್ಲಿ ಉಳಿದಿದೆ. ವಾಸ್ತವವಾಗಿ ಭಾರತದಲ್ಲಿನ ಅಂಧತ್ವದ ಬಹುಭಾಗವು ತಡೆಯಬಹುದಾದುದು ಅಥವಾ ಚಿಕಿತ್ಸೆಯಿಂದ ನೀಗಿಸಬಹುದಾದುದು. ಈ ತಿಳಿವಳಿಕೆಯಿಂದಲೇ ಕೇಂದ್ರ ಸರ್ಕಾರವು 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ವರ್ಷ ದಾಟಿದವರ ಅಂಧತ್ವಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಕಣ್ಣಿನ ಪೊರೆಯೇ ಕಾರಣವೆಂದು ಕಂಡುಬಂದಿತು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಕೃತಕ ಮಸೂರವನ್ನಿರಿಸಿ ದೃಷ್ಟಿಯನ್ನು ಮರಳಿ ಪಡೆಯಬಹುದು. ಆದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ ಹುಣ್ಣಾಗಿ ಬಿಳಿಯ ಕಲೆ ನಿಂತರೆ ಅದನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ. ಇಂತಹ ಹಾನಿ ಕೆಲವೊಮ್ಮೆ ಮನೆಯ ಮದ್ದಿನಿಂದಲೇ ಒದಗುತ್ತದೆ.

ಕಣ್ಣು ಕೆಂಪಾದೊಡನೆ ಜೇನುತುಪ್ಪ, ಹರಳೆಣ್ಣೆ, ಎದೆಹಾಲು ಅಥವಾ ಸೊಪ್ಪಿನ ರಸವನ್ನು ಬಿಡುವ ಪದ್ಧತಿ ಹಳ್ಳಿಯಿಂದ ನಗರಕ್ಕೂ ಬಂದಿದೆ. ಇವುಗಳೊಡನೆ ಕಣ್ಣಿನೊಳಕ್ಕೆ ಸೋಂಕು ಸೇರಬಹುದು. ಹಸುಗೂಸಿನ ಕಣ್ಣಿಗೆ ಕಾಡಿಗೆ ತೀಡುವುದರಿಂದ ಕಣ್ಣು ದೊಡ್ಡದಾಗುವುದಿಲ್ಲ. ಮಾರುಕಟ್ಟೆಯ ಕೆಲವು ಸುರ್ಮಾಗಳಲ್ಲಿ ಸೀಸದ ಅಂಶವೂ ಇರುತ್ತದೆ. ಔಷಧದಂಗಡಿಯಲ್ಲಿ ಕೇಳಿ ತಂದ ತೊಟ್ಟುಮದ್ದು ಇನ್ನೂ ಅಪಾಯಕರ. ಸ್ಟಿರಾಯ್ಡ್ ಬೆರೆತ ಮದ್ದಿನಿಂದ ತುರಿಕೆಯೂ ಕೆಂಪೂ ಬೇಗ ಇಳಿಯುವುದರಿಂದ ಜನರು ಅದನ್ನೇ ಮತ್ತೆ ಮತ್ತೆ ಕೊಳ್ಳುತ್ತಾರೆ. ತಿಂಗಳುಗಟ್ಟಲೆ ಬಳಸಿದಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರವು ನಶಿಸಬಹುದು. ಕಳೆದ ವರ್ಷ ಬೇರೊಬ್ಬರಿಗೆ ಬರೆದುಕೊಟ್ಟ ಸೀಸೆಯನ್ನು ಈ ವರ್ಷ ಮಗುವಿಗೆ ಬಳಸುವುದಂತೂ ಸರ್ವಥಾ ಸಲ್ಲದು.

ತಾಂಬೂಲದ ಸುಣ್ಣದ ವಿಷಯದಲ್ಲಿ ಹಿರಿಯರು ವಿಶೇಷ ಎಚ್ಚರ ವಹಿಸಬೇಕು. ಸುಣ್ಣದ ಪುಟ್ಟ ಪೊಟ್ಟಣವನ್ನು ಮಕ್ಕಳು ಆಟಿಕೆಯೆಂದು ಒತ್ತಿದಾಗ ಅದು ಒಡೆದು ನೇರವಾಗಿ ಕಣ್ಣಿಗೆ ಸಿಡಿಯುತ್ತದೆ. ಸುಣ್ಣವು ಕ್ಷಾರ ಪದಾರ್ಥವಾದ್ದರಿಂದ ಆಮ್ಲಕ್ಕಿಂತಲೂ ಆಳಕ್ಕಿಳಿದು ಸುಡುತ್ತದೆ. ಅಂತಹ ಸಂದರ್ಭದಲ್ಲಿ ವಾಹನ ಹುಡುಕುವುದಕ್ಕೆ ಮೊದಲು ನಲ್ಲಿಯ ಶುದ್ಧ ನೀರಿನಿಂದ, ರೆಪ್ಪೆಗಳನ್ನು ಬಿಡಿಸಿ ಹಿಡಿದು, 15ರಿಂದ 30 ನಿಮಿಷಗಳ ಕಾಲ ಎಡೆಬಿಡದೆ ತೊಳೆಯತಕ್ಕದ್ದು. ಮಗು ಎಷ್ಟೇ ಅತ್ತರೂ ನಿಲ್ಲಿಸಬಾರದು. ಆಸ್ಪತ್ರೆ ಅನಂತರದ್ದು, ಆದರೆ ಅಲ್ಲಿಗೆ ಅಂದೇ ಹೋಗಬೇಕು. ಲೋಹದ ಚೂರು ನಾಟಿದಾಗ ಮಾತ್ರ ತೊಳೆಯುವುದಾಗಲಿ, ಬಟ್ಟೆಯ ತುದಿಯಿಂದ ಕೀಳುವುದಾಗಲಿ ಕೂಡದು. ಕಣ್ಣನ್ನು ಒತ್ತದೆ ವೈದ್ಯರಲ್ಲಿಗೆ ಧಾವಿಸಬೇಕು.

‘ಮದ್ರಾಸ್ ಐ’ ಎಂದು ಕರೆಯಲಾಗುವ ಕೆಂಗಣ್ಣಿನ ಬೇನೆಯು ರೋಗಿಯನ್ನು ನೋಡಿದ ಮಾತ್ರಕ್ಕೆ ಅಂಟುವುದಿಲ್ಲ. ಅದು ಮುಖ್ಯವಾಗಿ ಕೈಗಳಿಂದ, ಟವೆಲ್ಲಿನಿಂದ, ದಿಂಬಿನಿಂದ ಹರಡುತ್ತದೆ. ಒಂದೇ ಕೋಣೆಯಲ್ಲಿ ಐದಾರು ಜನ ವಾಸಿಸುವ ಮಹಾನಗರದ ಮನೆಗಳಲ್ಲಿ ರೋಗಿಗೆ ಪ್ರತ್ಯೇಕ ಟವೆಲ್ಲು ಕೊಡುವುದು ಕಪ್ಪು ಕನ್ನಡಕಕ್ಕಿಂತ ಹೆಚ್ಚು ಫಲಕಾರಿ.

ನಗರದ ಮಕ್ಕಳನ್ನು ಬಾಧಿಸುತ್ತಿರುವ ಮತ್ತೊಂದು ತೊಂದರೆ ಸಮೀಪದೃಷ್ಟಿ. ದಿನಕ್ಕೆ ಸುಮಾರು ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಕಳೆಯುವ ಮಕ್ಕಳಲ್ಲಿ ಅದು ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ. ಆಟದ ಮೈದಾನವಿಲ್ಲದಿದ್ದರೆ ಮಹಡಿಯ ಮೇಲಿನ ಬಯಲಾದರೂ ಸರಿ. ಮೊಬೈಲ್ ಅಥವಾ ಕಂಪ್ಯೂಟರ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದರಿಂದ, 20 ನಿಮಿಷಗಳಿಗೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು.

ಆಹಾರದ ವಿಷಯ ಎಲ್ಲರಿಗೂ ತಿಳಿದದ್ದೇ: ನುಗ್ಗೆಸೊಪ್ಪು, ಪರಂಗಿಹಣ್ಣು, ಗಜ್ಜರಿ. ಇವುಗಳಿಂದ ಕನ್ನಡಕ ಬಿಡಬಹುದೆಂಬುದು ಮಾತ್ರ ಭ್ರಮೆ. ಮಗುವಿನ ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನೀಡುವ ‘ಎ’ ಜೀವಸತ್ವದ ದ್ರಾವಣವನ್ನು ತಪ್ಪಿಸಬಾರದು. ಊರು ಬದಲಾಯಿಸುವ ಕುಟುಂಬಗಳು ಲಸಿಕೆಯ ಕಾರ್ಡನ್ನು ಜೊತೆಗೊಯ್ದರೆ ಮುಂದಿನ ಸರದಿಯನ್ನು ಹೊಸ ಊರಿನಲ್ಲಿಯೇ ಕೊಡಿಸಬಹುದು.

ನೋವಿಲ್ಲದೆ ಬರುವ ರೋಗಗಳೇ ಹೆಚ್ಚು ಮೋಸಗಾರ. ಗ್ಲಾಕೋಮಾದಲ್ಲಿ ಬದಿಯ ನೋಟ ಮೊದಲು ಕುಗ್ಗುವುದರಿಂದ ರೋಗಿಗೆ ಬಹುಕಾಲ ತಿಳಿಯುವುದೇ ಇಲ್ಲ. ಹೋದ ನೋಟ ಮರಳುವುದೂ ಇಲ್ಲ. ಆದುದರಿಂದ 40 ದಾಟಿದವರು ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿದರೆ ಸಾಲದು, ವೈದ್ಯರಿಂದ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳಬೇಕು. ಮಧುಮೇಹಿಗಳು ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಿಕೊಳ್ಳುವುದು ಅವಶ್ಯ.

ಮಕ್ಕಳು ಒಂದು ಕಣ್ಣು ಮಂದವಾದರೆ ಹೇಳುವುದಿಲ್ಲ, ಇನ್ನೊಂದರಿಂದಲೇ ಎಲ್ಲವನ್ನೂ ಮಾಡುತ್ತಾರೆ. ಗೋಡೆಯ ಕ್ಯಾಲೆಂಡರನ್ನು ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರೆ ವ್ಯತ್ಯಾಸ ತಿಳಿದೀತು. ಓದು ಬಾರದ ಮಗುವು ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಮತ್ತೊಂದನ್ನು ಮುಚ್ಚಿದೊಡನೆ ಕೈ ತಳ್ಳಿ ಅಳತೊಡಗಿದರೆ, ಶಾಲೆಗೆ ಸೇರಿಸುವವರೆಗೆ ಕಾಯದೆ ನೇತ್ರವೈದ್ಯರಿಗೆ ತೋರಿಸತಕ್ಕದ್ದು.